ಲಿನಕ್ಸ್ ಕೆಡುವುದೇಕೆ?

ಕಾಲೇಜುಗಳಲ್ಲಿ ಓದುತ್ತಿರುವ ತರುಣರಿಂದ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಬಹು ಉತ್ಸಾಹದಿಂದ ತಮ್ಮ ಗಣಕಯಂತ್ರದಲ್ಲಿ ಲಿನಕ್ಸನ್ನು ಸ್ಥಾಪಿಸಿಕೊಂಡವರು ಕೆಲವೇ ವಾರಗಳಲ್ಲಿ ಸೋತ ಮುಖದಿಂದ ಬಂದು, ಅದು ಕೆಟ್ಟುಹೋಯಿತೆನ್ನುತ್ತಾರೆ. ಹೇಗೆ ಕೆಟ್ಟಿತೆಂದು ಕೇಳಿದರೆ, "ನಾನೇನೂ ಮಾಡಲಿಲ್ಲ, ತಾನಾಗಿಯೇ ಕೆಟ್ಟಿತು" ಎಂಬುದೇ ಬಹುಮಟ್ಟಿಗೆ ಉತ್ತರ. ಇದನ್ನು ಕೇಳಿ ಕೇಳಿ ಎರಡು ಅಭಿಪ್ರಾಯಗಳು ಬೆಳೆದುಕೊಂಡಿವೆ. ಲಿನಕ್ಸ್ ಬಲು ನಾಜೂಕಾದ ವಸ್ತು, ಮುಟ್ಟಿದರೆ ಮುರಿಯುತ್ತದೆ ಎಂಬುದು ಒಂದು. ಅದು ಪಂಡಿತರಿಗೆ ಮಾತ್ರ ಸಲ್ಲತಕ್ಕದ್ದು, ವಿದ್ಯಾರ್ಥಿಗಳು ಅದರ ಗೊಡವೆಗೆ ಹೋಗದಿರುವುದೇ ಲೇಸು ಎಂಬುದು ಇನ್ನೊಂದು. ಈ ಎರಡೂ ಅಭಿಪ್ರಾಯಗಳು ತಪ್ಪೆಂಬುದೇ ನಮ್ಮ ವಾದ.

ಲಿನಕ್ಸ್ ನಾಜೂಕಾದುದಲ್ಲವೆಂಬುದಕ್ಕೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ೧೯೬೯ರಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಗಣಕಯಂತ್ರದ ಸಕಲ ವ್ಯವಹಾರಗಳನ್ನೂ ನಡೆಸುವ ಮೂಲ ತಂತ್ರಾಂಶವನ್ನು, ರಚಿಸತೊಡಗಿದರು. ಅದೇ ಮಾದರಿಯನ್ನು ಅನುಸರಿಸಿ ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಒಂದು ತಿರುಳನ್ನು ಬರೆದು ಜಗತ್ತಿನ ಮುಂದಿಟ್ಟನು. ಆಗ ಅವನ ವಯಸ್ಸು ಇಪ್ಪತ್ತೊಂದು. ಅದೇ ಲಿನಕ್ಸ್. ಇಂದು ಆಂಡ್ರಾಯ್ಡ್ ಫೋನುಗಳೆಲ್ಲದರ ಒಳಗೆ ಇರುವುದು ಇದೇ ತಿರುಳು. ಜಗತ್ತಿನ ಅತ್ಯಂತ ಬಲಶಾಲಿಯಾದ ೫೦೦ ಮಹಾಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದೀಚೆಗೆ ಲಿನಕ್ಸಿನಿಂದ ನಡೆಯದ ಯಂತ್ರವೇ ಇಲ್ಲ. ಅಲ್ಲೆಲ್ಲ ಹಗಲಿರುಳು ದುಡಿಯುವ ವ್ಯವಸ್ಥೆ ವಿದ್ಯಾರ್ಥಿಯ ಮೇಜಿನ ಮೇಲೆ ಮಾತ್ರ ಏಕೆ ಕುಸಿದು ಬೀಳುತ್ತದೆ? ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಇಲ್ಲಿ ಉಪಯೋಗಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಾರಣವನ್ನು ಸಾವಧಾನವಾಗಿ ಪರೀಕ್ಷಿಸಬೇಕು.

ಅಧಿಕಾರದ ಪ್ರಶ್ನೆ

ನಾವು ಕೈಯಲ್ಲಿ ಹಿಡಿದ ಫೋನಿನಲ್ಲಿ ನಾವು ಬರಿಯ ಬಾಡಿಗೆದಾರರು. ವ್ಯವಸ್ಥೆಯ ಮೂಲ ಕಡತಗಳನ್ನು ಅಳಿಸಬೇಕೆಂದು ನಾವು ಬಯಸಿದರೂ ಅದು ಅವಕಾಶ ಕೊಡುವುದಿಲ್ಲ. ಮಹಾಗಣಕದಲ್ಲಾದರೆ ಅಂಥ ಅಧಿಕಾರ ತರಬೇತಿ ಪಡೆದ ಕೆಲವರಿಗೆ ಮಾತ್ರ ಮೀಸಲು. ಸ್ವಂತ ಗಣಕಯಂತ್ರದಲ್ಲಿ ಲಿನಕ್ಸನ್ನು ಸ್ಥಾಪಿಸಿಕೊಂಡ ವಿದ್ಯಾರ್ಥಿಯಾದರೋ ಮೊದಲ ದಿನವೇ ಸಂಪೂರ್ಣ ಅಧಿಕಾರಿ. ಈ ಪರಮಾಧಿಕಾರಕ್ಕೆ ಲಿನಕ್ಸಿನಲ್ಲಿ 'ರೂಟ್' ಎಂದು ಹೆಸರು. ರೂಟ್ ಮಾಡಬಾರದೆಂಬ ಕೆಲಸ ಸಾಮಾನ್ಯವಾಗಿ ಯಾವುದೂ ಇಲ್ಲ. ಎಚ್ಚರದ ದೃಷ್ಟಿಯಿಂದ ದಿನನಿತ್ಯದ ಬಳಕೆಗೆ ಸಾಮಾನ್ಯ ಬಳಕೆದಾರನ ಹೆಸರೊಂದಿರುತ್ತದೆ. ಅಗತ್ಯಬಿದ್ದಾಗ ಮಾತ್ರ ಆಜ್ಞೆಯ ಮುಂದೆ 'ಸುಡೊ' ಎಂಬ ಪದವನ್ನು ಸೇರಿಸಿ, ಆ ಒಂದು ಆಜ್ಞೆಯ ಮಟ್ಟಿಗೆ ಪರಮಾಧಿಕಾರವನ್ನು ಎರವಲು ಪಡೆಯಬೇಕು. ಹಲವು ವಿತರಣೆಗಳಲ್ಲಿ ಮೊದಲ ಸಲ ಸುಡೊ ಬಳಸಿದಾಗ ಯಂತ್ರವೇ ಮೂರು ಹಿತವಚನಗಳನ್ನು ತೋರಿಸುತ್ತದೆ. ಇತರರ ಗೌಪ್ಯವನ್ನು ಗೌರವಿಸಬೇಕು, ಟೈಪ್ ಮಾಡುವ ಮುನ್ನ ಯೋಚಿಸಬೇಕು, ಅಧಿಕಾರ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದು ಎಂಬುದು ಅವುಗಳ ತಾತ್ಪರ್ಯ.

ಹೊಸಬನ ಮೊದಲ ತಪ್ಪು ಇಲ್ಲಿಯೇ ಆರಂಭವಾಗುತ್ತದೆ. ಒಂದು ಆಜ್ಞೆಯನ್ನು ಟೈಪ್ ಮಾಡುತ್ತಾನೆ. ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ಒಡನೆಯೇ ಅದೇ ಆಜ್ಞೆಯ ಮುಂದೆ ಸುಡೊ ಸೇರಿಸುತ್ತಾನೆ, ಕೆಲಸ ನಡೆದುಹೋಗುತ್ತದೆ. ಎರಡು ಮೂರು ಸಲ ಹೀಗಾದರೆ ಸುಡೊ ಎಂಬುದು ಎಲ್ಲ ಬೀಗಗಳಿಗೂ ಹೊಂದುವ ಕೀಲಿಕೈ ಎಂಬ ಭಾವನೆ ಬಲಿಯುತ್ತದೆ. ಅನುಮತಿ ಇಲ್ಲವೆಂಬ ಉತ್ತರ ನಿಜವಾಗಿ ಒಂದು ಪ್ರಶ್ನೆ. "ಇದು ನಿನ್ನ ಸ್ವಂತ ಕಡತವಲ್ಲ, ವ್ಯವಸ್ಥೆಗೆ ಸೇರಿದ್ದು. ಇದನ್ನು ಬದಲಾಯಿಸುವುದು ನಿನ್ನ ಉದ್ದೇಶವೇ?" ಎಂದು ಯಂತ್ರ ಕೇಳುತ್ತಿರುತ್ತದೆ. ಆ ಪ್ರಶ್ನೆಯನ್ನು ಓದದೆ ಹೌದೆನ್ನುವವನ ಕೈಗೆ ಬಂದ ಅಧಿಕಾರ ಭಸ್ಮಾಸುರನಿಗೆ ದೊರೆತ ವರದಂತೆ. ವರದಲ್ಲಿ ದೋಷವಿರಲಿಲ್ಲ, ಕೈಯನ್ನು ಎಲ್ಲಿಡುತ್ತಿದ್ದೇನೆಂಬ ಪರಿವೆ ಅವನಿಗಿರಲಿಲ್ಲ.

ಒಂದು ತೆರಪಿನ ಬೆಲೆ

ಲಿನಕ್ಸಿನಲ್ಲಿ ಕಡತಗಳನ್ನು ಅಳಿಸುವ ಆಜ್ಞೆಗೆ 'ಆರ್‌ಎಂ' ಎಂದು ಹೆಸರು. ಕಿಟಕಿಗಳಲ್ಲಿ ಮೌಸಿನಿಂದ ಅಳಿಸಿದ ಕಡತ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ. ಬೇಕೆಂದರೆ ಮರಳಿ ತೆಗೆದುಕೊಳ್ಳಬಹುದು. ಆರ್‌ಎಂಗೆ ಬುಟ್ಟಿ ಎಂಬುದೇ ಇಲ್ಲ. ಅದರೊಡನೆ 'ಆರ್' ಮತ್ತು 'ಎಫ್' ಎಂಬ ಎರಡು ಅಕ್ಷರಗಳನ್ನು ಸೇರಿಸಿದರೆ ಫೋಲ್ಡರನ್ನೂ ಅದರ ಒಳಗಿನ ಸಮಸ್ತವನ್ನೂ ಮರುಪ್ರಶ್ನೆಯಿಲ್ಲದೆ ಅಳಿಸುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆ ಈ ಆಜ್ಞೆಗೆ ಅಕ್ಷರಶಃ ಒಪ್ಪುತ್ತದೆ.

ಆಜ್ಞೆಯ ಸಾಲಿನಲ್ಲಿ ತೆರಪು, ಎಂದರೆ ಎರಡು ಪದಗಳ ನಡುವಿನ ಖಾಲಿ ಜಾಗ, ಅಲಂಕಾರವಲ್ಲ. ಅದು ಒಂದು ವಸ್ತುವನ್ನು ಇನ್ನೊಂದರಿಂದ ಬೇರ್ಪಡಿಸುವ ಚಿಹ್ನೆ. ೨೦೧೧ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶದ ಸ್ಥಾಪನಾ ಲಿಪಿಯಲ್ಲಿ ಇದರ ಪ್ರತ್ಯಕ್ಷ ದೃಷ್ಟಾಂತ ದೊರೆಯಿತು. 'ಯುಎಸ್‌ಆರ್' ಎಂಬ ಫೋಲ್ಡರಿನ ಒಳಗೆ ಬಹಳ ಆಳದಲ್ಲಿದ್ದ ಒಂದು ಸಣ್ಣ ಅಂಶವನ್ನು ಅಳಿಸುವುದು ಆ ಲಿಪಿಯ ಉದ್ದೇಶವಾಗಿತ್ತು. ಆದರೆ 'ಯುಎಸ್‌ಆರ್' ಎಂಬುದರ ಮುಂದೆ ಒಂದು ತೆರಪು ಅಕಸ್ಮಾತ್ತಾಗಿ ಸೇರಿಕೊಂಡಿತು. ಆದಕಾರಣ ಯಂತ್ರ ಒಂದು ವಿಳಾಸವನ್ನು ಎರಡಾಗಿ ಓದಿತು. ಮೊದಲನೆಯದಾದ ಇಡೀ 'ಯುಎಸ್‌ಆರ್' ಫೋಲ್ಡರನ್ನೇ ಅಳಿಸಲು ಹೊರಟಿತು. ಲಿನಕ್ಸಿನ ಬಹುಪಾಲು ತಂತ್ರಾಂಶಗಳು ಇರುವುದೇ ಆ ಫೋಲ್ಡರಿನಲ್ಲಿ. ಒಂದು ತೆರಪಿನಿಂದ ಮನೆಯ ಮೂಲೆಯನ್ನು ಗುಡಿಸಹೋಗಿ ಮನೆಯನ್ನೇ ಕೆಡವಿದಂತಾಯಿತು.

ಇನ್ನೊಂದು ದೃಷ್ಟಾಂತ ೨೦೧೫ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಆಟಗಳನ್ನು ಒದಗಿಸುವ ಸ್ಟೀಮ್ ಎಂಬ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ, ತನ್ನ ಫೋಲ್ಡರಿನ ಒಳಗಿನ ಎಲ್ಲವನ್ನೂ ಅಳಿಸು ಎಂಬ ಸಾಲೊಂದಿತ್ತು. ಫೋಲ್ಡರಿನ ವಿಳಾಸವನ್ನು ಒಂದು ಚರಾಕ್ಷರದಲ್ಲಿ ಇಡಲಾಗಿತ್ತು. ಬೀಜಗಣಿತದಲ್ಲಿ ಎಕ್ಸ್ ಎಂಬುದರ ಬೆಲೆಯನ್ನು ನಾವು ತುಂಬುವಂತೆ ಆ ಚರಾಕ್ಷರದ ಬೆಲೆಯನ್ನು ಯಂತ್ರ ತುಂಬಿಕೊಳ್ಳಬೇಕು. ಬಳಕೆದಾರನೊಬ್ಬನು ಆ ಫೋಲ್ಡರನ್ನು ಬೇರೆಡೆಗೆ ಸಾಗಿಸಿದಾಗ ವಿಳಾಸ ಸಿಕ್ಕದೆ ಚರಾಕ್ಷರ ಖಾಲಿಯಾಗಿ ಉಳಿಯಿತು. ಖಾಲಿ ವಿಳಾಸದ ಮುಂದೆ ಉಳಿದದ್ದು ಒಂದು ಓರೆಗೆರೆ ಮತ್ತು ಒಂದು ನಕ್ಷತ್ರ ಚಿಹ್ನೆ. ಲಿನಕ್ಸಿನಲ್ಲಿ ಓರೆಗೆರೆ ಎಂದರೆ ಸಮಸ್ತ ವ್ಯವಸ್ಥೆಯ ಬುಡ, ನಕ್ಷತ್ರವೆಂದರೆ ಅಲ್ಲಿರುವುದೆಲ್ಲ. ಹೀಗಾಗಿ ಆತನಿಗೆ ಸೇರಿದ ಕಡತಗಳೆಲ್ಲ ಅಳಿಸಿಹೋದವು. ಸ್ವಾರಸ್ಯದ ಸಂಗತಿಯೆಂದರೆ, ಆ ಸಾಲಿನ ಮೇಲೆ "ಭಯಂಕರ!" ಎಂಬರ್ಥದ ಟಿಪ್ಪಣಿಯನ್ನು ಬರೆದವರೇ ಬರೆದಿಟ್ಟಿದ್ದರು. ಭಯವಾಯಿತು, ಆದರೆ ಪರೀಕ್ಷೆ ನಡೆಯಲಿಲ್ಲ. ಭಯ ಎಚ್ಚರವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಏಳು ಏಳು ಏಳು

ಅನುಮತಿಯ ತೊಡಕಿಗೆ ಅಂತರಜಾಲದಲ್ಲಿ ದೊರೆಯುವ ಮತ್ತೊಂದು ಸಿದ್ಧೌಷಧ ೭೭೭. ಇದರ ಗಣಿತವನ್ನು ತಿಳಿದರೆ ಅಪಾಯವೂ ತಿಳಿಯುತ್ತದೆ. ಪ್ರತಿಯೊಂದು ಕಡತಕ್ಕೂ ಮೂರು ಬಗೆಯ ಅನುಮತಿಗಳಿವೆ: ಓದುವುದಕ್ಕೆ ೪, ಬರೆಯುವುದಕ್ಕೆ ೨, ಕಾರ್ಯಕ್ಕೆ ತೊಡಗಿಸುವುದಕ್ಕೆ ೧. ಮೂರನ್ನೂ ಕೂಡಿದರೆ ೭. ಮೊದಲ ಅಂಕಿ ಕಡತದ ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಆದುದರಿಂದ ೭೭೭ ಎಂದರೆ ಯಾರು ಬೇಕಾದರೂ ಓದಲಿ, ತಿದ್ದಲಿ, ನಡೆಸಲಿ ಎಂದಂತಾಯಿತು. ೬೪೦ ಎಂದರೆ ಏನೆಂಬುದನ್ನು ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು.

'ಸಿಎಚ್‌ಮಾಡ್' ಎಂಬ ಆಜ್ಞೆಯಿಂದ ಇಡೀ ವ್ಯವಸ್ಥೆಗೆ ೭೭೭ನ್ನು ಹಚ್ಚಿದರೆ ಎಲ್ಲವೂ ಸರಾಗವಾಗಬೇಕೆಂದು ಹೊಸಬನು ತಿಳಿಯುತ್ತಾನೆ. ಆಗುವುದು ತದ್ವಿರುದ್ಧ. ಸುಡೊ ತಂತ್ರಾಂಶ ತನ್ನ ಕೆಲಸ ಮಾಡಬೇಕಾದರೆ ಅದರ ಕಡತದ ಮೇಲೆ ಒಂದು ವಿಶೇಷ ಗುರುತು ಇರಬೇಕು. ೭೭೭ ಆ ಗುರುತನ್ನು ಅಳಿಸುತ್ತದೆ. ತಪ್ಪನ್ನು ತಿದ್ದಿಕೊಳ್ಳಲು ಬೇಕಾದುದು ಸುಡೊ. ಅದೇ ಈಗ ನಡೆಯದು. ಇತ್ತ, ದೂರದ ಯಂತ್ರಗಳೊಡನೆ ಗುಟ್ಟಾಗಿ ವ್ಯವಹರಿಸುವ ಎಸ್‌ಎಸ್‌ಎಚ್ ತಂತ್ರಾಂಶ, ಗುಪ್ತ ಕೀಲಿಯ ಕಡತ ಎಲ್ಲರ ಕಣ್ಣಿಗೆ ಬೀಳುವಂತಿದೆಯೆಂದು ಅದನ್ನು ನಿರಾಕರಿಸುತ್ತದೆ. ಊರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟರೆ ವ್ಯಾಪಾರ ಹೆಚ್ಚುವುದಿಲ್ಲ. ಕಾವಲುಗಾರರು ಕೆಲಸ ಬಿಟ್ಟು ಕೂಡುತ್ತಾರೆ.

ಕಟ್ಟಡದ ಇಟ್ಟಿಗೆಗಳು

ಲಿನಕ್ಸಿನ ತಂತ್ರಾಂಶಗಳು ಪ್ಯಾಕೇಜುಗಳೆಂಬ ಕಟ್ಟುಗಳಲ್ಲಿ ಬರುತ್ತವೆ. ಒಂದು ಪ್ಯಾಕೇಜು ಹಲವು ಪ್ಯಾಕೇಜುಗಳನ್ನು ಆಧರಿಸಿ ನಿಂತಿರುತ್ತದೆ. ಗೋಡೆಯ ಕೆಳಸಾಲಿನ ಇಟ್ಟಿಗೆಯನ್ನು ಕಿತ್ತರೆ ಮೇಲಿನ ಸಾಲು ನಿಲ್ಲುವುದಿಲ್ಲ. ಹಳೆಯ ಪೈಥಾನ್ ತಮಗೆ ಬೇಡವೆಂದು ಅದನ್ನು ತೆಗೆದುಹಾಕುವವರಿದ್ದಾರೆ. ಉಬುಂಟುವಿನಂಥ ವಿತರಣೆಗಳಲ್ಲಿ ವ್ಯವಸ್ಥೆಯದೇ ಅನೇಕ ಉಪಕರಣಗಳು ಪೈಥಾನಿನಲ್ಲಿ ಬರೆದವಾದುದರಿಂದ ಅದರೊಡನೆ ಪರದೆಯ ಮೇಲಿನ ಕಿಟಕಿಗಳೂ ಮಾಯವಾಗಬಹುದು. ಬೇರೆ ಬೇರೆ ಆವೃತ್ತಿಗಳ ಭಂಡಾರಗಳಿಂದ ಪ್ಯಾಕೇಜುಗಳನ್ನು ಬೆರೆಸುವುದೂ ಇಂಥದೇ ತಪ್ಪು. ಹಾಗೆ ಬೆರೆತ ವ್ಯವಸ್ಥೆಗೆ ಡೆಬಿಯನ್ ಬಳಗದವರು, ಹೆಣಗಳ ತುಂಡುಗಳಿಂದ ಜೋಡಿಸಿದ ಕಥೆಯ ದೈತ್ಯನನ್ನು ನೆನೆದು, ಫ್ರಾಂಕನ್‌ಡೆಬಿಯನ್ ಎಂದು ಹೆಸರಿಟ್ಟಿದ್ದಾರೆ.

೨೦೨೧ರ ನವೆಂಬರಿನಲ್ಲಿ ಪ್ರಸಾರವಾದ ಒಂದು ಯೂಟ್ಯೂಬ್ ಕಾರ್ಯಕ್ರಮ ಇದನ್ನು ಲಕ್ಷಾಂತರ ಜನರಿಗೆ ಕಾಣಿಸಿತು. ಗಣಕಯಂತ್ರಗಳ ವಿಮರ್ಶೆಗಾಗಿ ಹೆಸರಾದ ಕೆನಡಾದ ಲೈನಸ್ ಸೆಬಾಸ್ಟಿಯನ್ ಎಂಬವರು ಪಾಪ್ ಓಎಸ್ ಎಂಬ ವಿತರಣೆಯಲ್ಲಿ ಸ್ಟೀಮನ್ನು ಸ್ಥಾಪಿಸಹೊರಟರು. ಆ ಹೊತ್ತಿನಲ್ಲಿ ಪ್ಯಾಕೇಜಿನಲ್ಲಿಯೇ ಒಂದು ದೋಷವಿತ್ತು. ಕಿಟಕಿಯ ಮೂಲಕ ಆಗದಿದ್ದಾಗ ಅವರು ಟರ್ಮಿನಲ್ಲಿಗೆ ಹೋಗಿ ಆಜ್ಞೆಯಿತ್ತರು. ಅತ್ಯಾವಶ್ಯಕವಾದ ಪ್ಯಾಕೇಜುಗಳು ತೆಗೆದುಹಾಕಲ್ಪಡುತ್ತವೆ, ಇದು ಹಾನಿಕರವಾಗಬಹುದು ಎಂದು ಯಂತ್ರ ಎಚ್ಚರಿಸಿತು. ಅಷ್ಟೇ ಅಲ್ಲ, ಮುಂದುವರಿಯಬೇಕಾದರೆ ನಾನು ಹೇಳಿದಂತೆ ಮಾಡು ಎಂಬರ್ಥದ ಪೂರ್ಣ ವಾಕ್ಯವನ್ನು ಕೈಯಾರೆ ಟೈಪ್ ಮಾಡಬೇಕೆಂದಿತು. ಅವರು ಟೈಪ್ ಮಾಡಿದರು. ಯಂತ್ರ ಹೇಳಿದಂತೆ ಮಾಡಿತು. ಪರದೆಯ ಸಮಸ್ತ ಸಲಕರಣೆಯೂ ಹೊರಟುಹೋಯಿತು.

ಬೇರೆ ತಪ್ಪುಗಳು ಅನೇಕವಿವೆ. ಪೆನ್‌ಡ್ರೈವಿಗೆ ಬರೆಯಬೇಕಾದುದನ್ನು 'ಡಿಡಿ' ಆಜ್ಞೆಯಿಂದ, ಒಂದೇ ಅಕ್ಷರದ ವ್ಯತ್ಯಾಸದಿಂದ, ಮುಖ್ಯ ಡಿಸ್ಕಿನ ಮೇಲೆಯೇ ಬರೆದುಬಿಡುವುದು. ಯಾವ ಡಿಸ್ಕು ಎಲ್ಲಿ ಜೋಡಣೆಯಾಗಬೇಕೆಂದು ತಿಳಿಸುವ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ತಪ್ಪು ಸಾಲನ್ನು ಬರೆದು ಯಂತ್ರ ಏಳದಂತೆ ಮಾಡುವುದು. ನವೀಕರಣ ನಡೆಯುತ್ತಿರುವಾಗ ನಡುವೆಯೇ ವಿದ್ಯುತ್ತನ್ನು ಕಡಿಯುವುದು. ಇವೆಲ್ಲದರ ಬೇರು ಒಂದೇ.

ದೋಷ ಯಾರದು?

ಇಲ್ಲಿ ಒಂದು ಆಕ್ಷೇಪಣೆ ಸಹಜ. ಒಳ್ಳೆಯ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳಬೇಡವೇ? ಬಳಕೆದಾರನ ತಪ್ಪಿಗೆ ಅವನನ್ನೇ ದೂರಿದರೆ ವಿನ್ಯಾಸಕಾರರ ಹೊಣೆ ಎಲ್ಲಿ ಹೋಯಿತು? ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ, ಲಿನಕ್ಸನ್ನು ಬೆಳೆಸುವವರು ಅದನ್ನು ಒಪ್ಪಿಯೂ ಇದ್ದಾರೆ. ವ್ಯವಸ್ಥೆಯ ಬುಡವನ್ನೇ ಅಳಿಸೆಂದರೆ ಆರ್‌ಎಂ ೨೦೦೬ರಿಂದ ಈಚೆಗೆ ನಿರಾಕರಿಸುತ್ತದೆ. ಮೇಲೆ ಹೇಳಿದ ಘಟನೆಯ ಬಳಿಕ ಪಾಪ್ ಓಎಸ್‌ನವರು ಅತ್ಯಾವಶ್ಯಕ ಪ್ಯಾಕೇಜುಗಳನ್ನು ಒಂದು ವಾಕ್ಯದ ಒಪ್ಪಿಗೆಯಿಂದ ಕೀಳಲಾಗದಂತೆ ತಿದ್ದಿದರು. ೨೦೨೩ರಲ್ಲಿ ಬಂದ ಡೆಬಿಯನ್ ೧೨ರಲ್ಲಿ, ವ್ಯವಸ್ಥೆಯ ಪೈಥಾನಿಗೆ ಹೊರಗಿನ ಪ್ಯಾಕೇಜುಗಳನ್ನು ನೇರವಾಗಿ ತುರುಕಲು ಹೋದರೆ 'ಪಿಪ್' ಒಪ್ಪುವುದಿಲ್ಲ. ಇಂಥ ಬೇಲಿಗಳು ಇನ್ನೂ ಬರಲಿ.

ಆದರೆ ಬೇಲಿಗೆ ಒಂದು ಮಿತಿಯುಂಟು. ಬುಡವನ್ನು ಅಳಿಸೆಂದರೆ ನಿರಾಕರಿಸುವ ಅದೇ ಆರ್‌ಎಂ, ಬುಡದ ಮುಂದೆ ನಕ್ಷತ್ರವನ್ನಿಟ್ಟು ಅಲ್ಲಿರುವುದನ್ನೆಲ್ಲ ಅಳಿಸೆಂದರೆ ಅಳಿಸಹೊರಡುತ್ತದೆ. ಏನು ಬೇಕಾದರೂ ಮಾಡಬಲ್ಲ ಯಂತ್ರ ತಪ್ಪನ್ನು ಮಾತ್ರ ಮಾಡಲಾರದೆಂಬಂತೆ ಕಟ್ಟುವುದು ಸಾಧ್ಯವಿಲ್ಲ. ಏಕೆಂದರೆ ಯಾವುದು ತಪ್ಪೆಂಬುದು ಆಜ್ಞೆಯಲ್ಲಿಲ್ಲ, ಕೊಟ್ಟವನ ಉದ್ದೇಶದಲ್ಲಿದೆ. ಆ ಉದ್ದೇಶವನ್ನು ಯಂತ್ರ ಓದಲಾರದು. ಆದುದರಿಂದ ಆಜ್ಞೆಯನ್ನು ಓದುವ ಕೆಲಸ ಮನುಷ್ಯನಿಗೇ ಉಳಿಯುತ್ತದೆ.

ನಮ್ಮ ವಿದ್ಯಾರ್ಥಿಗಳು ಈ ಓದಿನಲ್ಲಿ ಸೋಲುವುದೇಕೆ? ಬುದ್ಧಿಯ ಕೊರತೆಯಿಂದಲ್ಲ, ಅಭ್ಯಾಸದ ದೋಷದಿಂದ. ಪರೀಕ್ಷೆಗೆ ಉತ್ತರವನ್ನು ಉರು ಹೊಡೆದು ಒಪ್ಪಿಸಿದರೆ ಅಂಕ ದೊರೆಯುತ್ತದೆ. ಅರ್ಥವಾಯಿತೇ ಎಂದು ಕೇಳುವವರು ವಿರಳ. ಅದೇ ರೂಢಿಯಿಂದ ಅಂತರಜಾಲದಲ್ಲಿ ಕಂಡ, ಅಥವಾ ಈಗೀಗ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬರೆದುಕೊಟ್ಟ, ಆಜ್ಞೆಯನ್ನು ಎತ್ತಿ ಅಂಟಿಸುತ್ತಾರೆ. ಉತ್ತರಪತ್ರಿಕೆಯಲ್ಲಿ ಅರ್ಥವಾಗದ ವಾಕ್ಯ ಯಾರಿಗೂ ಕೆಡುಕು ಮಾಡದೆ ಸುಮ್ಮನಿರುತ್ತದೆ. ಟರ್ಮಿನಲ್ಲಿನಲ್ಲಿ ಬರೆದ ವಾಕ್ಯವಾದರೋ ಒಡನೆಯೇ ಕಾರ್ಯಕ್ಕಿಳಿಯುತ್ತದೆ. ಲಿನಕ್ಸನ್ನು ಕೆಡಿಸುವುದು ಅಜ್ಞಾನವಲ್ಲ, ಅರ್ಥವನ್ನು ಕೇಳದಿರುವ ರೂಢಿ ಎಂಬುದೇ ನಮ್ಮ ಅಭಿಪ್ರಾಯದ ಸಾರ.

ಪ್ರವೀಣರೂ ಎಡವುತ್ತಾರೆ

ತಪ್ಪು ಹೊಸಬರ ಸೊತ್ತೇನೂ ಅಲ್ಲ. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ರಾತ್ರಿ ತಡವಾಗಿ ದುಡಿಯುತ್ತ, ಒಂದು ಯಂತ್ರದಲ್ಲಿ ಕೊಡಬೇಕಾದ ಅಳಿಸುವ ಆಜ್ಞೆಯನ್ನು ಇನ್ನೊಂದರಲ್ಲಿ ಕೊಟ್ಟರು. ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟಿನಷ್ಟು ದತ್ತಾಂಶದಲ್ಲಿ ಉಳಿದದ್ದು ೪.೫ ಗಿಗಾಬೈಟು. ಸಂಸ್ಥೆಗೆ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಿದ್ದವು, ಒಂದೂ ನೆಚ್ಚುವಂತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿಟ್ಟಿದ್ದ ಒಂದು ಪ್ರತಿಯೇ ಕಡೆಗೆ ಅವರನ್ನು ಕಾಪಾಡಿತು. ಇದಕ್ಕೂ ಮೊದಲು, ೧೯೯೮ರಲ್ಲಿ, ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ 'ಟಾಯ್ ಸ್ಟೋರಿ ೨' ಚಿತ್ರದ ಕಡತಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಇದೇ ಆರ್‌ಎಂ ಆಜ್ಞೆ ಅಳಿಸಿಹಾಕಿತ್ತು. ಅಲ್ಲಿಯೂ ಬ್ಯಾಕಪ್ ಕೈಕೊಟ್ಟಿತು. ಮಗು ಹುಟ್ಟಿದ್ದರಿಂದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರನಿರ್ದೇಶಕಿಯ ಮನೆಯ ಗಣಕಯಂತ್ರದಲ್ಲಿ ಚಿತ್ರದ ಪ್ರತಿಯೊಂದಿದ್ದುದರಿಂದ ಚಿತ್ರ ಉಳಿಯಿತು.

ಎರಡು ಘಟನೆಗಳೂ ಒಂದೇ ಪಾಠವನ್ನು ಹೇಳುತ್ತವೆ. ತಪ್ಪಾಗದಂತೆ ಬದುಕುವುದು ಯಾರಿಗೂ ಸಾಧ್ಯವಿಲ್ಲ. ತಪ್ಪಾದರೂ ನಷ್ಟವಾಗದಂತೆ ನೋಡಿಕೊಳ್ಳುವುದು ಎಲ್ಲರಿಗೂ ಸಾಧ್ಯ. ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟು, ಆ ಪ್ರತಿ ನಿಜವಾಗಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಕೆಟ್ಟ ಮೇಲೆ ಬುದ್ಧಿ ಬಂದರೆ, ಅಟ್ಟ ಮೇಲೆ ಒಲೆ ಉರಿದಂತೆ.

ಇಲ್ಲಿಯೇ ಹೊಸಬರ ಅತ್ಯಂತ ದುಬಾರಿಯಾದ ತಪ್ಪನ್ನೂ ಹೇಳಬೇಕು. ಯಂತ್ರ ಏಳದಿದ್ದ ಮಾತ್ರಕ್ಕೆ ಕಡತಗಳು ಸತ್ತುವೆಂದು ತಿಳಿದು, ಗಾಬರಿಯಿಂದ ಲಿನಕ್ಸನ್ನು ಹೊಸದಾಗಿ ಸ್ಥಾಪಿಸಿಬಿಡುತ್ತಾರೆ. ಬಹುಸಲ ಕೆಟ್ಟಿರುವುದು ಒಂದು ಸಾಲು, ಒಂದು ಪ್ಯಾಕೇಜು. ವಿದ್ಯಾರ್ಥಿಯ ಟಿಪ್ಪಣಿ, ಛಾಯಾಚಿತ್ರಗಳೆಲ್ಲ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ಅವುಗಳನ್ನು ಹೊರತೆಗೆಯಬಹುದು, ತಪ್ಪಾದ ಸಾಲನ್ನೂ ತಿದ್ದಬಹುದು. ರೋಗದಿಂದ ಅಳಿಯದಿದ್ದುದು ಈ ಅವಸರದ ಚಿಕಿತ್ಸೆಯಿಂದ ಅಳಿಯುತ್ತದೆ.

ಮುಟ್ಟಬೇಡವೆನ್ನುವುದು ವಿದ್ಯೆಯಲ್ಲ

ಕೆಡಿಸುತ್ತಾರೆಂಬ ಭಯದಿಂದ ಪ್ರಯೋಗಶಾಲೆಯ ಯಂತ್ರಗಳಲ್ಲಿ ವಿದ್ಯಾರ್ಥಿಗಳಿಗೆ ಪರಮಾಧಿಕಾರವನ್ನು ಕೊಡದಿರುವುದು ಸರಿಯೇ. ಅಲ್ಲಿ ಇತರರ ಕೆಲಸವೂ ಇರುತ್ತದೆ. ಆದರೆ ಎಲ್ಲಿಯೂ ಎಂದೂ ಕೊಡದಿರುವುದು ಸರಿಯಲ್ಲ. ರಸಾಯನಶಾಸ್ತ್ರದ ಉಪಾಧ್ಯಾಯರು ಸಾರಗಂಧಕಾಮ್ಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಪಾಠ ಮುಗಿಸುವುದಿಲ್ಲ. ನೀರಿಗೆ ಆಮ್ಲವನ್ನು ಸುರಿಯಬೇಕು, ಆಮ್ಲಕ್ಕೆ ನೀರನ್ನು ಸುರಿಯಬಾರದು, ಏಕೆಂದರೆ ಉಷ್ಣ ಹಠಾತ್ತಾಗಿ ಹುಟ್ಟಿ ಆಮ್ಲ ಸಿಡಿಯುತ್ತದೆ ಎಂದು ಕಾರಣದೊಡನೆ ಕಲಿಸಿ, ಬಳಿಕ ಸೀಸೆಯನ್ನು ಕೈಗೆ ಕೊಡುತ್ತಾರೆ. ಗಣಕವಿದ್ಯೆಯಲ್ಲಿಯೂ ಈ ಕ್ರಮವೇ ತಕ್ಕದ್ದು.

ಅದಕ್ಕೆ ಬೇಕಾದ ಸಾಧನಕ್ಕೆ ಹಣವೂ ಬೇಕಿಲ್ಲ. ವರ್ಚುವಲ್‌ಬಾಕ್ಸಿನಂಥ ತಂತ್ರಾಂಶದಿಂದ ಒಂದು ಗಣಕಯಂತ್ರದ ಒಳಗೆ ಇನ್ನೊಂದು ಕಾಲ್ಪನಿಕ ಗಣಕಯಂತ್ರವನ್ನು ನಿರ್ಮಿಸಬಹುದು. ಅದರ ಸುಸ್ಥಿತಿಯ ಪ್ರತಿಯೊಂದನ್ನು ತೆಗೆದಿಟ್ಟು, ಕೆಟ್ಟಾಗ ಕೆಲವೇ ನಿಮಿಷಗಳಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. ಅಲ್ಲಿ ವಿದ್ಯಾರ್ಥಿ ೭೭೭ನ್ನು ಹಚ್ಚಿ ಸುಡೊ ಸಾಯುವುದನ್ನು ಕಣ್ಣಾರೆ ನೋಡಲಿ. ಎಫ್‌ಎಸ್‌ಟ್ಯಾಬನ್ನು ಕೆಡಿಸಿ ತಾನೇ ಸರಿಪಡಿಸಲಿ. ಬೇಕೆಂದೇ ಕೆಡಿಸಿ ಕಾರಣವನ್ನು ಹುಡುಕಿದವನು ಅರಿಯದೆ ಕೆಡಿಸುವುದು ಅಪರೂಪ.

ಇತ್ತ ಸ್ವಂತ ಯಂತ್ರದಲ್ಲಿ ಕೆಲವು ನಡವಳಿಕೆಗಳು ಕೈಗೆ ಬರಲಿ. ಅಳಿಸುವ ಮುನ್ನ ಅದೇ ವಿಳಾಸವನ್ನು 'ಎಲ್‌ಎಸ್' ಆಜ್ಞೆಗೆ ಕೊಟ್ಟು ಅಲ್ಲಿ ಏನೇನಿದೆಯೆಂದು ನೋಡಬೇಕು. ತಿಳಿಯದ ಪದ ಎದುರಾದರೆ 'ಮ್ಯಾನ್' ಆಜ್ಞೆಯಿಂದ ಯಂತ್ರದಲ್ಲಿಯೇ ಇರುವ ಕೈಪಿಡಿಯನ್ನು ತೆರೆಯಬೇಕು. ಪ್ಯಾಕೇಜು ತೆಗೆಯುವಾಗ ಹೌದೆನ್ನುವ ಮೊದಲು, ಇನ್ನೂ ಏನೇನು ಹೊರಟುಹೋಗುತ್ತದೆಂಬ ಪಟ್ಟಿಯನ್ನು ಕಡೆಯವರೆಗೆ ಓದಬೇಕು. ವ್ಯವಸ್ಥೆಯ ಕಡತವನ್ನು ತಿದ್ದುವ ಮೊದಲು ಅದರ ಪ್ರತಿಯೊಂದನ್ನು ತೆಗೆದಿಡಬೇಕು. ಇವೆಲ್ಲಕ್ಕೂ ಹಿಡಿಯುವುದು ಅರ್ಧ ನಿಮಿಷ.

ಲಿನಕ್ಸ್ ತನ್ನ ಬಳಕೆದಾರನನ್ನು ಬಾಡಿಗೆದಾರನೆಂದು ಎಣಿಸದೆ ಒಡೆಯನೆಂದು ಎಣಿಸುತ್ತದೆ. ವಿದ್ಯಾರ್ಥಿಗೆ ಇಂಥ ಮರ್ಯಾದೆಯನ್ನು ಕೊಡುವ ವಸ್ತುಗಳು ಹೆಚ್ಚಿಲ್ಲ. ಅದನ್ನು ಅಪಾಯವೆಂದು ದೂರವಿಡದೆ, ಆಜ್ಞೆಯ ಒಂದೊಂದು ಅಕ್ಷರದ ಅರ್ಥವನ್ನೂ ಕೇಳಿ ತಿಳಿದು, ಆಮೇಲೆ ಕೀಲಿಯನ್ನೊತ್ತುವುದನ್ನು ನಮ್ಮ ತರುಣರು ಕಲಿಯಲಿ.